ಮಾವ ಕಲಿಯದ ಅಕ್ಷರ

ಇಪ್ಪತ್ತಾರು ವರ್ಷ ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಅಕ್ಕಮ್ಮ ಅಕ್ಟೋಬರಿನ ಎರಡನೇ ಭಾನುವಾರ, ಬೀಗರಾಗುವವರ ಎದುರಿಗೆ, ಹುರಿದ ಇಸ್ವಾಣ ಮೀನಿನ ತುಂಡು ಮುರಿಯುತ್ತ ಹೇಳಿಬಿಟ್ಟಳು.

“ಮೊಮ್ಮಗಳಿಗೆ ಹಾಕೂಕೆ ಬಂಗಾರದ ಬಳೆ ಇತ್ತು. ಜೋಡಿ. ನನ್ನ ಅತ್ತೆದು. ಇವಳು ತೆಗ್ದಳು.”

ಇವಳು ಎಂದಾಗ ಎಡಗೈ ಸೊಸೆಯ ಕಡೆ ಹೋಯಿತು. ಭಾರತಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಮಾಜಾಳಿಯಿಂದ ಬಂದಿದ್ದ ಹುಡುಗನ ಸೋದರತ್ತೆ ತಟ್ಟೆಯಿಂದ ತಲೆ ಎತ್ತಿ ಭಾರತಿಯ ಮುಖ ನೋಡಿದಳು, ಮತ್ತೆ ತಟ್ಟೆ ನೋಡಿದಳು.

“ವಯಸ್ಸಾದ್ರೆ ಹಾಂಗೇ,” ಅಂದಳು. “ನಮ್ಮ ಮಾವ ದಿನಾ ಸಂಜೆ ಗೋವೆಗೆ ಹೋಗ್ತೆ ಅಂತ ಚೀಲ ಹಿಡ್ಕಂಡು ಬಾಗಿಲಲ್ಲಿ ಕೂತಿರ್ತಿದ್ರು.”

ಎಲ್ಲರೂ ನಕ್ಕರು. ಭಾರತಿಯೂ ನಕ್ಕು ಸಾರು ಬಡಿಸಿದಳು. ಮಗಳು ಪ್ರಣಿತಾಳ ಮದುವೆ ಡಿಸೆಂಬರ್ ಮೊದಲ ವಾರಕ್ಕೆ ಗೊತ್ತಾಯಿತು. ಮಾಜಾಳಿಯವರು ಮೂರೂವರೆ ಬಸ್ಸಿಗೆ ಹೊರಟರು. ಬಸ್ಸು ಕಣ್ಣು ಮರೆಯಾದ ಮೇಲೆ ಭಾರತಿ ಹಿತ್ತಲ ಬಾವಿಕಟ್ಟೆಯಲ್ಲಿ ಹನ್ನೊಂದು ತಟ್ಟೆ ಹರಡಿಕೊಂಡು ಕೂತಳು. ಒಂದನ್ನೇ ಎಷ್ಟೋ ಹೊತ್ತು ತಿಕ್ಕಿದಳು.

ಗಂಡ ಸಾಯಿನಾಥ ನೀರು ಸೇದಿ ಕೊಡಲು ಬಂದ. ಅವನು ಕಾರವಾರದ ಬೈತಖೋಲ ಬಂದರಿನಲ್ಲಿ ಪರ್ಸೀನ್ ಮೀನುಬೋಟಿನಲ್ಲಿ ಬಲೆ ಎಳೆಯುವ ಕಲಾಶಿ. ವಾರಕ್ಕೆ ಒಂದೂವರೆ ದಿನ ಹಾರವಾಡದ ಮನೆಯಲ್ಲಿ ಇರುತ್ತಿದ್ದ. ಆ ಒಂದೂವರೆ ದಿನ ಗಲಾಟೆ ಇಲ್ಲದೆ ಕಳೆದರೆ ಸಾಕು ಎನ್ನುವ ಸ್ವಭಾವ.

“ಆಯಿಗೆ ಬುದ್ಧಿ ಸ್ವಾಧೀನ ಇಲ್ಲಾ ಅಂತ ಗೊತ್ತದೆ ಅಲ್ದಾ? ಮನಸ್ಸಿಗೆ ಹಚ್ಕಂಬೇಡ.”

“ಬುದ್ಧಿ ಇಲ್ದೆ ಹೇಳಿದ್ದಲ್ಲ ಅದು. ಬುದ್ಧಿ ಇದ್ದಾಗ ಒಳಗೆ ಇಟ್ಕಂಡಿದ್ದು ಈಗ ಹೊರಗೆ ಬಂತು.”

“ಹಳೇದೆಲ್ಲ ಎಂತಕೆ ಈಗ?”

“ನಾನೂ ಹಳಬಳೇ ಈ ಮನೇಲಿ,” ಅಂದಳು ಭಾರತಿ. “ಬಕೆಟ್ ಇಲ್ಲಿ ಇಡಿ.”

ಬಳೆಗಳು ಅಕ್ಕಮ್ಮನ ಅತ್ತೆ ಗೋದಾವರಿಯವು. ಮನೆಯ ಹಿರಿಯ ಸೊಸೆಗೆ ಹೋಗುವಂಥವು. ಒಳಮೈಯಲ್ಲಿ ‘ಗೋ’ ಎಂಬ ಅಕ್ಷರ ಕೊರೆದಿತ್ತು. ಒಂದರ ಅಂಚು ಒರಳುಕಲ್ಲಿಗೆ ತಾಗಿ ತಗ್ಗಾಗಿತ್ತು. ವರ್ಷಕ್ಕೆ ಒಂದು ಸಲ, ಚವತಿ ದಿನ, ಅಕ್ಕಮ್ಮ ಅವನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳುತ್ತಿದ್ದಳು. ೧೯೯೯ರ ಚವತಿ ಬಂದಾಗ ಭಾರತಿ ಮದುವೆಯಾಗಿ ಬಂದು ಎರಡು ವರ್ಷ. ಆ ಬೆಳಿಗ್ಗೆ ಅಕ್ಕಮ್ಮ ಪೆಟ್ಟಿಗೆ ತೆಗೆದರೆ ಬಟ್ಟೆಯ ಗಂಟು ಇತ್ತು, ಬಳೆ ಇರಲಿಲ್ಲ. ಮೋದಕದ ಹಿಟ್ಟು ನಾದುತ್ತಿದ್ದ ಸೊಸೆಯ ಹೆಸರನ್ನು ಅವಳು ಎತ್ತಲಿಲ್ಲ. “ಹೊರಗಿನವ್ರು ಯಾರೂ ಬರಲಿಲ್ಲ. ಹೊರಗಿಂದ ಬಂದವಳು ಒಬ್ಬಳೇ,” ಎಂದಷ್ಟೇ ಹೇಳಿದಳು. ಅಂದು ಪೆಟ್ಟಿಗೆಯ ಕೀಲಿಕೈ ಅಕ್ಕಮ್ಮನ ಸೆರಗಿನ ತುದಿಗೆ ಹೋಯಿತು. ಈಗಲೂ ಅಲ್ಲೇ ಇದೆ. ಅತ್ತೆಯ ಮೈ ತೊಳೆಸುವುದು, ಸೀರೆ ಉಡಿಸುವುದು ಎಲ್ಲ ಭಾರತಿಯದೇ. ಉಡಿಸಿ ಮುಗಿದ ಮೇಲೆ ಆ ಕೀಲಿಯನ್ನು ಸೆರಗಿಗೆ ಗಂಟು ಹಾಕಿ ಕೊಡುವುದೂ ಅವಳದೇ ಕೆಲಸ.

ಅಂಕೋಲೆಯ ಡಾಕ್ಟರು ಜೂನ್ ತಿಂಗಳಲ್ಲೇ ಹೇಳಿದ್ದರು: ಮರೆವು ಹೆಚ್ಚುತ್ತ ಹೋಗುತ್ತದೆ, ಮೊದಲು ಹೊಸತು ಹೋಗುತ್ತದೆ, ಹಳೆಯದು ಕಡೆಗೆ. ಆಗ ಭಾರತಿ ತಲೆಯಾಡಿಸಿ ಬಂದಿದ್ದಳು. ಈಗ ಲೆಕ್ಕ ಹಾಕಿದಳು. ಅತ್ತೆಗೆ ಬಳೆ ನೆನಪಿದೆ, ಕಳ್ಳಿ ಯಾರೆಂಬುದೂ ನೆನಪಿದೆ. ಇವೆರಡೂ ಅಳಿಸಿಹೋಗುವ ಮೊದಲು ಅದೇ ಬಾಯಿಂದ ‘ನೀನಲ್ಲ’ ಎಂಬ ಒಂದು ಮಾತು ಬರಬೇಕು. ಅವಳಿಗೆ ಬೇರೆ ಏನೂ ಬೇಡವಾಗಿತ್ತು.

ಮಂಗಳವಾರ ಸಂಜೆ ಅವಳು ಮಂಚದ ಕೆಳಗಿಂದ ಥರ್ಮಾಕೋಲ್ ಪೆಟ್ಟಿಗೆ ಎಳೆದಳು. ಮೀನಿಗೆ ಐಸ್ ಹಾಕುವ ಪೆಟ್ಟಿಗೆ ಅದು. ಒಳಗೆ ಮಾವ ಮಾಬ್ಲೇಶ್ವರನ ಮೂವತ್ತೆಂಟು ಡೈರಿಗಳಿದ್ದವು. ಮೀನುಗಾರರ ಸೊಸೈಟಿ ವರ್ಷಕ್ಕೊಂದು ಕೊಡುತ್ತಿತ್ತು. ಅವನು ೧೯೮೪ರಿಂದ ಸಾಯುವ ಹಿಂದಿನ ದಿನದವರೆಗೆ, ನಾಲ್ಕು ವರ್ಷದ ಕೆಳಗಿನವರೆಗೆ, ಒಂದು ದಿನವೂ ಬಿಡದೆ ಬರೆದ. ಮೂರು ಸಾಲು, ಹೆಚ್ಚೆಂದರೆ ನಾಲ್ಕು. ಗಾಳಿ ಎಲ್ಲಿಂದ, ದೋಣಿ ಹೋಯಿತೋ ಇಲ್ಲವೋ, ಯಾವ ಮೀನು, ಮನೆಗೆ ಯಾರು ಬಂದರು, ಊಟಕ್ಕೆ ಏನು. ಕೇರಿಯಲ್ಲಿ ಯಾವ ವರ್ಷ ಯಾರ ಮನೆ ಮಾಡು ಹಾರಿತು ಎಂಬ ತಕರಾರು ಬಂದರೂ “ಮಾಬ್ಲಣ್ಣನ ಡೈರಿ ನೋಡಿ” ಎನ್ನುತ್ತಿದ್ದರು.

ಡೈರಿಗೆ ಒಂದೇ ದೋಷ. ಮಾವನಿಗೆ ‘ಳ’ ಬರುತ್ತಿರಲಿಲ್ಲ. ವರ್ಣಮಾಲೆಯಲ್ಲಿ ‘ಹ’ ಮುಗಿಸಿ ‘ಳ’ಕ್ಕೆ ಬರುವ ಮೊದಲೇ ಶಾಲೆ ಬಿಟ್ಟು ದೋಣಿ ಹತ್ತಿದವನು. ‘ನಮ್ಮನೆಯವ್ರು ಹ ತನಕ ಓದಿದ್ದು’ ಎಂದು ಅಕ್ಕಮ್ಮ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಡೈರಿಯಲ್ಲಿ ಗಾಳಿ ‘ಗಾಲಿ’ಯಾಗಿ, ಮಳೆ ‘ಮಲೆ’ಯಾಗಿ, ಕೋಳಿ ‘ಕೋಲಿ’ಯಾಗಿ ಇರುತ್ತಿದ್ದವು. ಯಾರೋ ಏನೋ ಹೇಳಿದರು ಎಂದು ಬರೆದಲ್ಲೆಲ್ಲ ಪ್ರಣಿತಾ ಸಣ್ಣವಳಿದ್ದಾಗ ಬಿದ್ದು ಬಿದ್ದು ನಗುತ್ತಿದ್ದಳು.

“ತೊಂಬತ್ತೊಂಬತ್ತರದ್ದು ತೆಗಿ,” ಅಂದಳು ಭಾರತಿ. “ಚವತಿ ಆಸುಪಾಸು ಓದು. ಮನೆಗೆ ಯಾರು ಬಂದಿದ್ರು ನೋಡ್ವ. ಬಂದ ದಿನ ಮಾವ ಬರೀದೆ ಇರೂಲಾ.”

ಪ್ರಣಿತಾ ಕಾರವಾರದಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಜನರ ಅರ್ಜಿ ಓದಿ ಅಭ್ಯಾಸ. ಚಹಾ ಕುಡಿಯುತ್ತ ಗಟ್ಟಿಯಾಗಿ ಓದಿದಳು. ಅಕ್ಕಮ್ಮ ಗೋಡೆಗೆ ಒರಗಿ ಕೇಳುತ್ತಿದ್ದಳು. ಗಂಡನ ಡೈರಿ ಓದಿದರೆ ಅವಳು ಪುರಾಣ ಕೇಳಿದ ಹಾಗೆ ಸುಮ್ಮನಾಗುತ್ತಿದ್ದಳು.

“ಸೆಪ್ಟೆಂಬರ್ ಎರಡು. ‘ಗಾಲಿ ಜೋರು. ದೋಣಿ ಇಲ್ಲ. ಬೇಬಿಗೆ ಬಲೆ ಕೊಟ್ಟೆ, ಎಂಟು ದಿವಸಕ್ಕೆ. ಅಕ್ಕಮ್ಮಗೆ ಗೊತ್ತಿಲ್ಲ. ಮಧ್ಯಾಹ್ನ ಗಂಜಿ, ಒಣ ಶೆಟ್ಲಿ ಚಟ್ನಿ.’”

“ಯಾವ ಬಲೆ?” ಅಕ್ಕಮ್ಮ ಕಣ್ಣು ಬಿಟ್ಟಳು. “ನಂಗೆ ಗೊತ್ತಿಲ್ದೆ ಯಾವ ಬಲೆ ಹೋಯ್ತು?”

“ಮಗಳಿಗೆ ಕೊಟ್ರು ಅಜ್ಜಿ. ಬಿಡು. ಈಗ ಆ ಬಲೆಯೂ ಇಲ್ಲಾ, ಮೀನೂ ಇಲ್ಲಾ.” ಪ್ರಣಿತಾ ಪುಟ ತಿರುಗಿಸಿದಳು. ಆ ದಿನಗಳಲ್ಲಿ ದೋಣಿಯ ಜೊತೆಗಾರ ಸುಬ್ಬ ಬಂದು ಚಹಾ ಕುಡಿದು ಹೋಗಿದ್ದ. ಸೊಸೈಟಿಯ ಗುಮಾಸ್ತ ಬಂದಿದ್ದ. ಇಬ್ಬರೂ ಜಗಲಿ ದಾಟಿ ಒಳಗೆ ಬರುವವರಲ್ಲ. ಎರಡು ಮೂರು ಪುಟ ಒಟ್ಟಿಗೇ ತಿರುವಿ ಚವತಿಯ ಪುಟಕ್ಕೆ ಬಂದಳು. “ಹದಿಮೂರು. ‘ಚವತಿ. ಮನೆಯಲ್ಲಿ ಗಲಾಟೆ. ಯಾರೂ ಸರಿ ಉಂಡಿಲ್ಲ. ಭಾರತಿ ಅತ್ತಲು. ನಾನು ಸುಮ್ಮನಿದ್ದೆ.’”

ಭಾರತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಅಂದು ಅತ್ತದ್ದು ಹಿತ್ತಲಲ್ಲಿ, ಕಟ್ಟಿಗೆ ರಾಶಿಯ ಹಿಂದೆ. ಅಲ್ಲಿಗೂ ಒಬ್ಬರ ಕಣ್ಣು ಬಂದಿತ್ತಲ್ಲ. ಈ ಮನೆಯಲ್ಲಿ ಅವಳನ್ನು ಒಂದು ದಿನವೂ ಕಳ್ಳಿ ಎಂಬ ನೋಟದಿಂದ ನೋಡದವನು ಮಾವ ಒಬ್ಬನೇ. ಅಂಕೋಲೆ ಪೇಟೆಗೆ ಹೋದರೆ ಅವಳಿಗೆಂದು ಬೇರೆ ಪೊಟ್ಟಣದಲ್ಲಿ ಅಬ್ಬಲಿಗೆ ಹೂ ತರುತ್ತಿದ್ದ. ಕಡೆಯ ಮೂರು ತಿಂಗಳು ಅವನ ಹೇಲು-ಉಚ್ಚೆ ಬಳಿದಾಗಲೂ ಅವಳಿಗೆ ಅಸಹ್ಯ ಆಗಿರಲಿಲ್ಲ.

“ಪಾಪ, ಬರ್ದಿಟ್ಟಿದ್ರು,” ಅಂದಳು. “ಸಾಕು, ಮುಚ್ಚು.”

ಆ ವಾರ ಕೆಲಸ ಮೈಮುರಿಯುವಷ್ಟು. ತಾರ್ಲೆ ಮೀನು ಹೇರಳವಾಗಿ ಬಂದಿತ್ತು. ಬೆಳಿಗ್ಗೆ ಆರೂವರೆಗೆ ಟೆಂಪೋ ಹತ್ತಿ ಬೇಲೇಕೇರಿ ಬಂದರಿಗೆ ಹೋಗಿ, ಹರಾಜಿನಲ್ಲಿ ಮೀನು ಹಿಡಿದು, ಅಂಕೋಲೆ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಒಂದರವರೆಗೆ ಕೂತು, ಮನೆಗೆ ಬಂದು ಅತ್ತೆಗೆ ಉಣ್ಣಿಸುವುದು. ಅಷ್ಟರತನಕ ಪಕ್ಕದ ಮನೆಯ ಮನಿಷಾ ಅತ್ತೆಯ ಮೇಲೆ ಒಂದು ಕಣ್ಣಿಡುತ್ತಿದ್ದಳು. ಅಕ್ಕಮ್ಮನೋ ದಿನಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ, ಬಳೆಯ ಮಾತು ತೆಗೆಯತೊಡಗಿದ್ದಳು. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದಳು.

ಶುಕ್ರವಾರ ಭಾರತಿ ಮಾರಿ ಉಳಿದ ತಾರ್ಲೆಯ ತಲೆ ಮುರಿಯುತ್ತ ಕೂತಿದ್ದಳು. ಜಗಲಿಯಲ್ಲಿ ಅಕ್ಕಮ್ಮ ಮನಿಷಾಳ ಮನೆಯ ಹರಿದ ಬಲೆ ಎಳೆದುಕೊಂಡು ಹೆಣೆಯುತ್ತಿದ್ದಳು. ತಾನು ಬೆಳಿಗ್ಗೆ ಉಂಡದ್ದು ಅವಳಿಗೆ ನೆನಪಿರಲಿಲ್ಲ, ಆದರೆ ಬೆರಳುಗಳು ಸೂಜಿ ಆಡಿಸುತ್ತಿದ್ದವು.

“ಬಲೆ ಕಣ್ಣು ಹದಿನೆಂಟು ಹರ್ದದೆ,” ಅಂದಳು ಮನಿಷಾಳಿಗೆ. “ನಮ್ಮನೇಲಿ ಏಳು ಬಲೆ ಇತ್ತು. ಎರಡು ಸುಬ್ಬಂಗೆ ಹೋಯ್ತು, ಒಂದು ಸುನಾಮಿ ವರ್ಷ ಹರೀತು. ನಾಕು ಅಟ್ಟದ ಮೇಲೆ ಅದೆ. ನಂಗೆ ಹೇಳ್ದೆ ಒಂದು ಬಲೆನೂ ಹೊಸ್ತಿಲು ದಾಟ್ಲಿಲ್ಲ ತಿಳ್ಕ.”

ಭಾರತಿಯ ಕೈಯಲ್ಲಿದ್ದ ತಾರ್ಲೆ ಅರ್ಧಕ್ಕೆ ನಿಂತಿತು.

ಅಟ್ಟದ ಮೇಲೆ ನಾಲ್ಕು ಬಲೆ ಇರುವುದು ಹೌದು. ಆಳಿಗಿಂತ ದೊಡ್ಡ ಗಂಟುಗಳು ಅವು. ಮನೆಯಲ್ಲಿ ಬಲೆ ಹೆಣೆಯುವವಳು, ಒಣಗಿಸುವವಳು, ಎಣಿಸುವವಳು ಅಕ್ಕಮ್ಮ. ಅವಳಿಗೆ ಗೊತ್ತಾಗದಂತೆ ಮಾವ ಬಲೆಯನ್ನು ಹೇಗೆ ಕೊಟ್ಟ? ಅದೂ ಎಂಟು ದಿವಸಕ್ಕೆ, ಗಾಳಿಗೆ ದೋಣಿಯೇ ಇಳಿಯದ ಕಾಲದಲ್ಲಿ? ಅದೂ ಬೇಬಿಗೆ? ಅಮದಳ್ಳಿಗೆ ಕೊಟ್ಟ ನಾದಿನಿ ಬೇಬಿಯ ಗಂಡ ಕಿಶೋರ ಗಾರೆ ಕೆಲಸದವನು. ನೌಕಾನೆಲೆಗೆ ಕಡಲ ಬದಿಯ ಜಾಗ ಹೋದ ಮೇಲೆ ಆ ಮನೆಯವರು ದೋಣಿ ಮುಟ್ಟಿಲ್ಲ.

ಪ್ರಣಿತಾ ಏಳರ ಬಸ್ಸಿಗೆ ಬಂದು ಚೀಲ ಕೆಳಗಿಡುವ ಮೊದಲೇ ಭಾರತಿ ಕೇಳಿದಳು.

“ಅಜ್ಜ ಬಳೆ ಅನ್ನೂದ್ನ ಹ್ಯಾಂಗೆ ಬರೀತಿದ್ರು?”

“ಯಾವ ಬಳೆ?”

“ಕೈ ಬಳೆಯೇ. ಚವತಿಗೆ ಪ್ರತಿ ವರ್ಷ ಬಳೆಗಾರ ಬತ್ತಿದ್ದ. ಬರ್ದಿರ್ತಾರೆ. ನೋಡು.”

ಪ್ರಣಿತಾ ಹುಡುಕಿದಳು. ಬಹಳ ಹುಡುಕಬೇಕಾಗಲಿಲ್ಲ. “ಹನ್ನೊಂದು ಸೆಪ್ಟೆಂಬರ್. ‘ಬಲೆಗಾರ ಬಂದ. ಅಕ್ಕಮ್ಮಗೆ, ಭಾರತಿಗೆ ಹಸಿರು ಬಲೆ ಒಂದೊಂದು ಡಜನ್.’” ಅವಳು ನಕ್ಕಳು. “ಹಸಿರು ಬಲೆ! ಒಂದು ಡಜನ್ ಬಲೆ ಹಾಕ್ಕಂಡು ಅಜ್ಜಿ—”

ನಗು ಅಲ್ಲಿಗೇ ನಿಂತಿತು. ಅವಳು ಒಂಬತ್ತು ದಿನ ಹಿಂದಕ್ಕೆ ಪುಟ ತಿರುಗಿಸಿ, ಮನಸ್ಸಿನಲ್ಲೇ ಓದಿಕೊಂಡು, ತಾಯಿಯ ಮುಖ ನೋಡಿದಳು.

“ಬೇಬಿ ಅತ್ತೆಗೆ,” ಅಂದಳು.

“ಹೂಂ.”

“ಅಜ್ಜಗೆ ಗೊತ್ತಿತ್ತು.”

“ಹೂಂ.”

“ಚವತಿ ದಿನ ನೀ ಅತ್ತಾಗ್ಲೂ.”

ಭಾರತಿ ಡೈರಿ ಮುಚ್ಚಿ ಎದ್ದಳು. ಒಳಗೆ ಹೋಗಿ ತಾರ್ಲೆಗೆ ಉಪ್ಪು ಹಾಕಿದಳು. ಎರಡು ಸಲ ಹಾಕಿದ್ದು ಊಟಕ್ಕೆ ಕೂತಾಗ ತಿಳಿಯಿತು. ‘ನಾನು ಸುಮ್ಮನಿದ್ದೆ.’ ಮಂಗಳವಾರ ಕಣ್ಣೀರು ತರಿಸಿದ ಅದೇ ಎರಡು ಶಬ್ದ ಈಗ ಮೀನಿನ ಮುಳ್ಳಿನ ಹಾಗೆ ಚುಚ್ಚಿದವು. ಅಬ್ಬಲಿಗೆ ಹೂವಿನ ಪೊಟ್ಟಣಗಳೂ ನೆನಪಾದವು.

ಶನಿವಾರ ಸಾಯಿನಾಥ ಬಂದ. ಊಟ ಆಗುವವರೆಗೆ ತಡೆದುಕೊಂಡು ಭಾರತಿ ಡೈರಿ ಅವನ ಮುಂದಿಟ್ಟಳು. ಅವನು ಓದಿದ, ಬೆರಳಿಟ್ಟು ಇನ್ನೊಮ್ಮೆ ಓದಿದ.

“ಇದು ಬಲೆ ಅಂತ ಅದೆ.”

“ನಿಮ್ಮಪ್ಪ ಮಳೆಗೂ ಮಲೆ ಅಂತಾನೇ ಬರ್ದದ್ದು. ಮಲೆ ಎಲ್ಲಾದ್ರೂ ಮೇಲಿಂದ ಬೀಳ್ತದ್ಯ?”

“ಒಂದು ಅಕ್ಷರದ ಮೇಲೆ ನನ್ನ ತಂಗಿನ ಕಳ್ಳಿ ಮಾಡ್ತಿ ನೀ?”

“ನನ್ನ ಮಾಡೂಕೆ ನಿಮ್ಗೆ ಒಂದು ಅಕ್ಷರನೂ ಬೇಕಾಗ್ಲಿಲ್ಲ.”

ಸಾಯಿನಾಥ ಅಂಗಳದ ಕಡೆ ನೋಡಿದ. “ಅಪ್ಪ ಸತ್ತು ನಾಕು ವರ್ಷ. ಅಂವ ಬಂದು ಹೇಳೂಕೆ ಆತದ್ಯ? ಮದುವೆ ಮನೆ. ಬೇಬಿನೂ ಬರಬೇಕು, ಸೋದರತ್ತೆ ಅದು. ಮದುವೆ ಆಗ್ಲಿ, ಮತೆ ನೋಡ್ವ.”

“ಮದುವೆ ಆಗೂದ್ರೊಳಗೆ ನಿಮ್ಮ ಆಯಿಗೆ ನಾ ಯಾರು ಅಂತಾನೇ ಮರ್ತು ಹೋದ್ರೆ?”

“ಆಗ ಒಳ್ಳೇದೇ ಆಯ್ತಲ್ಲ,” ಅಂದ ಸಾಯಿನಾಥ. ಅಂದ ಕೂಡಲೇ ತಪ್ಪಾಯಿತೆಂದು ಅವನಿಗೂ ಗೊತ್ತಾಯಿತು. ಪ್ರಣಿತಾ ತಟ್ಟೆ ಎತ್ತಿಕೊಂಡು ಎದ್ದಳು.

“ಅಪ್ಪ, ನಾಳೆ ನಾವು ಅಮದಳ್ಳಿಗೆ ಹೋತ್ರು. ನೀ ಬರದಿದ್ರೆ ಅಜ್ಜಿಗೆ ಗಂಜಿ ಹಾಕು.”

ಭಾನುವಾರ ಹತ್ತು ಗಂಟೆಗೆ ತಾಯಿ ಮಗಳು ಅಮದಳ್ಳಿಯಲ್ಲಿ ಬಸ್ಸಿಳಿದರು. ಬರಿಗೈಯಲ್ಲಿ ಹೋಗಬಾರದೆಂದು ಭಾರತಿ ಹತ್ತು ಬಂಗಡೆ ಕಟ್ಟಿಕೊಂಡಿದ್ದಳು. ಬೇಬಿ ಒಬ್ಬಳೇ ಇದ್ದಳು, ಕಿಶೋರ ಕೆಲಸಕ್ಕೆ ಹೋಗಿದ್ದ. ಅವಳು ಚಹಾ ಇಟ್ಟಳು, ಬಂಗಡೆ ಮುಟ್ಟಿ ನೋಡಿ “ಚಲೋ ಅದೆ ಅತ್ತಿಗೆ, ಬೇಲೇಕೇರಿದಾ?” ಎಂದು ಕೇಳಿದಳು, ಮದುವೆ ಸೀರೆಯ ಬಣ್ಣ ವಿಚಾರಿಸಿದಳು. ಪ್ರಣಿತಾ ಡೈರಿ ತೆಗೆದು ಓದಿದಳು. ಎರಡು ಸಾಲು ಓದಲು ಎಷ್ಟು ಹೊತ್ತು? ಬೇಬಿ ಚಹಾದ ಲೋಟ ಹಿಡಿದುಕೊಂಡೇ ಕೆಳಗೆ ಕೂತಳು.

“ಅಪ್ಪ ಬರ್ದಿಟ್ಟಿದ್ನ?”

“ಬರ್ದದೆ.”

“ನಂಗೆ ಏಳನೇ ತಿಂಗಳು ಆಗ. ಹೂ ಮುಡಿಸೂ ಶಾಸ್ತ್ರ. ಕೈಯಲ್ಲಿ ಬರೀ ಗಾಜಿನ ಬಳೆ. ನನ್ನ ಅತ್ತೆ ‘ಹಾರವಾಡದವ್ರು ಮಗಳ್ನ ಬರಿಗೈಯಲ್ಲಿ ಕಳ್ಸಿದ್ರು’ ಅಂತ ಕೇರಿಯೆಲ್ಲ ಹೇಳ್ತಾ ಬಂತು. ನಾ ಅಪ್ಪನ ಹತ್ರ ಹೋಗಿ ಅತ್ಕಂಡೆ. ಅಪ್ಪ ತಂದ್ಕೊಟ್ಟ. ಎಂಟು ದಿನ, ಚವತಿಯೊಳಗೆ ವಾಪಸ್ ಇಟ್ಟುಬಿಡ್ತೆ ಅಂದ. ಶಾಸ್ತ್ರಕ್ಕೆ ಎರಡು ದಿನ ಇರೂವಾಗ ಇವ್ರ ದೊಡ್ಡಪ್ಪ ಸತ್ರು. ಸೂತಕ. ಶಾಸ್ತ್ರ ಮುಂದೆ ಹೋಯ್ತು. ಅಷ್ಟ್ರೊಳಗೆ ಚವತಿ ಬಂತು.”

“ಚವತಿ ಆದ್ಮೇಲೆ ಕೊಡೂಕೆ ಆಗ್ಲಿಲ್ವ?”

“ಆಗ ನಿನ್ನ ಹೆಸರು ಬಂದಾಗಿತ್ತು ಅತ್ತಿಗೆ. ಕೊಟ್ರೆ ಅಪ್ಪ ಕಳ್ಳ ಆಗ್ತಿದ್ದ. ಸ್ವಲ್ಪ ದಿನ ತಡಿ, ನಾ ಸರಿ ಮಾಡ್ತೆ ಅಂದ. ಅಂತಾನೇ ಇದ್ದ.”

“ನೀನೂ ತಡ್ದಿ. ಇಪ್ಪತ್ತಾರು ವರ್ಷ.”

ಬೇಬಿ ಎದ್ದು ಒಳಗೆ ಹೋದಳು. ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಕ್ಕಿಹುಡಿ ಹತ್ತಿದ ಬಟ್ಟೆಯ ಗಂಟು ತಂದು ಭಾರತಿಯ ಮುಂದಿಟ್ಟಳು. “ಒಂದು ದಿನಾನೂ ಹಾಕ್ಲಿಲ್ಲ. ಶಾಸ್ತ್ರದ ದಿನಾನೂ. ಹಾಕೂಕೂ ಆಗೂಲಾ, ಕೊಡೂಕೂ ಆಗೂಲಾ. ಅಕ್ಕಿ ಬದ್ಲಿಸೂವಾಗೆಲ್ಲ ಕೈಗೆ ಹತ್ತೂದು.”

ಭಾರತಿ ಗಂಟು ಬಿಚ್ಚಲಿಲ್ಲ. “ನಂಗೆ ಬಳೆ ಬೇಡ. ನೀ ಬಂದು ಆಯಿ ಮುಂದೆ ನಿನ್ನ ಬಾಯಲ್ಲೇ ಹೇಳಬೇಕು. ನಾ ತಂದು ಕೊಟ್ರೆ ನಾನೇ ತೆಗ್ದ ಹಾಂಗಾತದೆ.”

“ಬತ್ತೆ. ತುಳಸಿ ಲಗ್ನ ಮುಗೀಲಿ.”

“ತುಳಸಿ ಲಗ್ನಕ್ಕೇ ಬಾ.”

ತುಳಸಿ ಲಗ್ನದ ದಿನ ಬೇಬಿ ಬಂದಳು. ಸಂಜೆ ಅಂಗಳದಲ್ಲಿ ಕಬ್ಬು, ನೆಲ್ಲಿಕೊಂಬೆ ಸಿಕ್ಕಿಸಿ ಪೂಜೆ ಮುಗಿಯಿತು. ಅವಲಕ್ಕಿ ಹಂಚಿದರು. ಕೇರಿಯವರು ಹೋದ ಮೇಲೆ ಮನೆಯವರಷ್ಟೇ ಉಳಿದರು. ಸಾಯಿನಾಥನೂ ಇದ್ದ. ಅಕ್ಕಮ್ಮನ ತಲೆ ಅಂದು ಸ್ವಲ್ಪ ತಿಳಿಯಾಗಿತ್ತು. ಮಗಳ ಗುರುತು ಹಿಡಿದಿದ್ದಳು, ಮೊಮ್ಮಗಳ ಮದುವೆಯೂ ನೆನಪಿತ್ತು.

ಬೇಬಿ ತಾಯಿಯ ಮುಂದೆ ಕೂತು ಗಂಟು ಬಿಚ್ಚಿದಳು. “ಆಯಿ, ಇದು ನನ್ನ ಹತ್ರ ಇತ್ತು. ಅಪ್ಪ ತಂದ್ಕೊಟ್ಟಿದ್ದ. ಅತ್ತಿಗೆ ತೆಗೀಲಿಲ್ಲ.”

ಅಕ್ಕಮ್ಮ ಬಳೆ ಎತ್ತಿಕೊಂಡಳು. ಒಳಮೈಯ ‘ಗೋ’ ಮೇಲೆ ಹೆಬ್ಬೆರಳು ಆಡಿಸಿದಳು, ಅಂಚಿನ ತಗ್ಗು ಹುಡುಕಿದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಮಗಳ ತಲೆಯ ಮೇಲಿಂದ ನೋಡಿ ಕರೆದಳು.

“ಭಾರತಿ. ಬಾ ಇಲ್ಲಿ.”

ಭಾರತಿ ಹೋಗಿ ಕೂತಳು.

“ಕಡೆಗೂ ತಂದಿ ಅಲ್ದಾ ಹೆಣ್ಣೇ,” ಅಂದಳು ಅಕ್ಕಮ್ಮ. ಸೊಸೆಯ ಗಲ್ಲ ಸವರಿದಳು. “ಇರ್ಲಿ. ಆಗಿದ್ದು ಆಯ್ತು. ನಾ ಯಾರಿಗೂ ಹೇಳೂಲಾ.”

“ಆಯಿ! ನಾ ಹೇಳಿದ್ದು ಕೇಳಿದ್ಯ? ನನ್ನ ಹತ್ರ ಇತ್ತು!”

“ನೀ ಸುಮ್ನಿರು. ಅತ್ತಿಗೆನ ಉಳ್ಸೂಕೆ ನಿನ್ನ ತಲೆ ಮೇಲೆ ಹಾಕ್ಕಂತಿ. ಸಣ್ಣವಳಿದ್ದಾಗ್ಲೂ ಹಾಂಗೇ. ಅಣ್ಣ ಮಡಕೆ ಒಡದ್ರೆ ನಾ ಒಡ್ದೆ ಅಂತಿತ್ತು.”

ಪ್ರಣಿತಾ ಡೈರಿ ತಂದಳು. “ಅಜ್ಜಿ, ಅಜ್ಜ ಬರ್ದದ್ದು ಕೇಳು. ಅಜ್ಜ ಸುಳ್ಳು ಬರೀತಿದ್ನ?”

“ಅವ್ರು ಬರ್ದದ್ದು ಸುಳ್ಳಾಗೂಲಾ. ಓದು.”

“‘ಬೇಬಿಗೆ ಬಳೆ ಕೊಟ್ಟೆ, ಎಂಟು ದಿವಸಕ್ಕೆ. ಅಕ್ಕಮ್ಮಗೆ ಗೊತ್ತಿಲ್ಲ.’”

ಅಕ್ಕಮ್ಮ ಮೊಮ್ಮಗಳ ಕೈಯ ಡೈರಿ ನೋಡಿದಳು. ಮುಖದಲ್ಲಿ ನಗು ಮೂಡಿತು. ಜಾಣ ನಗು.

“ಮೋಸ ಮಾಡ್ತಿ ನೀ. ಅವ್ರು ಹ ತನಕ ಓದಿದ್ದು. ಆ ಅಕ್ಷರ ಅವ್ರಿಗೆ ಬರೂದೇ ಇಲ್ಲ. ಅದು ಬಲೆ.”

ಓದಲು ಬರೆಯಲು ಬಾರದ ಮುದುಕಿ ಅಕ್ಷರದ ವಿಷಯದಲ್ಲಿ ಸರಿಯಾಗಿಯೇ ಹೇಳಿದ್ದಳು. ಅಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಪೆಟ್ಟಿಗೆಯ ಕೀಲಿಕೈಯನ್ನು ಭಾರತಿಯ ಅಂಗೈಯಲ್ಲಿಟ್ಟಳು.

“ಇನ್ನು ನೀನೇ ಇಟ್ಕ. ಮತ್ತೆ ಹಾಂಗೆ ಮಾಡಬೇಡ.”

ಬೇಬಿ ಬಾಯಿಗೆ ಸೆರಗು ಒತ್ತಿ ಹಿತ್ತಲಿಗೆ ಓಡಿದಳು, ಹೋಗಿ ನಿಂತದ್ದು ಕಟ್ಟಿಗೆ ರಾಶಿಯ ಹತ್ತಿರವೇ. ಭಾರತಿಗೆ ಅಳು ಬರಲಿಲ್ಲ. ಅವಲಕ್ಕಿಯ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಈ ಸಲ ಸಾಯಿನಾಥ ನೀರು ಸೇದಿದ್ದಷ್ಟೇ ಅಲ್ಲ, ಕೂತು ಪಾತ್ರೆ ತೊಳೆದ. ತೊಳೆಯುತ್ತ, ಪಾತ್ರೆಗೇ ಹೇಳುವಂತೆ, “ನಾನಾದ್ರೂ ಆಗ ಕೇಳಬೇಕಾಗಿತ್ತು,” ಅಂದ.

“ಮಾಜಾಳಿಗೆ ಫೋನ್ ಮಾಡಿ,” ಅಂದಳು ಭಾರತಿ. “ಬಳೆ ಎಲ್ಲಿತ್ತು, ಯಾರು ಕೊಟ್ಟದ್ದು, ಎಲ್ಲ ಹೇಳಿ. ನಾ ಮಾಡಿದ್ರೆ ಆಗೂಲಾ.”

ಅವನು ಮರುದಿನ ಬೈತಖೋಲಕ್ಕೆ ಹೊರಡುವ ಮೊದಲು ಹೆಗಲ ಮೇಲೆ ಟವಲ್ ಹಾಕಿಕೊಂಡೇ ಫೋನ್ ಮಾಡಿದ. ಎರಡು ನಿಮಿಷದ ಮಾತು. ‘ನನ್ನ ಅಪ್ಪನೇ’ ಎಂಬಲ್ಲಿ ಒಮ್ಮೆ ಕೆಮ್ಮಿದ. ಆ ಕಡೆಯಿಂದ ಹುಡುಗನ ಸೋದರತ್ತೆ “ನಮ್ಗೆ ಮರ್ತೇ ಹೋಗಿತ್ತು” ಅಂದಳಂತೆ.

ಆ ಹೊತ್ತಿಗೆ ಒಳಗೆ ಅಕ್ಕಮ್ಮ ಸೆರಗು ತಡವಿಕೊಂಡು ಕೂಗುತ್ತಿದ್ದಳು: “ಕೀಲಿ ಇಲ್ಲಾ! ಭಾರತಿ ತೆಗ್ದದೆ!”

ಭಾರತಿ ಕೀಲಿಕೈ ತಂದು ಮೊದಲಿನಂತೆ ಸೆರಗಿಗೆ ಗಂಟು ಹಾಕಿ ಕೊಟ್ಟಳು. ಅಕ್ಕಮ್ಮ ಪೆಟ್ಟಿಗೆ ತೆಗೆದು ಬಳೆ ನೋಡಿದಳು. ನೋಡಿದ ಕೂಡಲೇ ಮುಖ ಮೆತ್ತಗಾಯಿತು. “ಕಡೆಗೂ ತಂದಿಟ್ಟಿ ಅಲ್ದಾ. ಇರ್ಲಿ ಹೆಣ್ಣೇ.”

ಅದೇ ದಿನಚರಿಯಾಯಿತು. ದಿನಾ ಬೆಳಿಗ್ಗೆ ಮೈ ತೊಳೆಸಿ ಸೀರೆ ಉಡಿಸಿದ ಮೇಲೆ ಅಕ್ಕಮ್ಮ ಪೆಟ್ಟಿಗೆ ತೆಗೆಯುವಳು, ಬಳೆ ಕಾಣುವಳು, ಸೊಸೆಯನ್ನು ಕರೆದು ಕ್ಷಮಿಸುವಳು. ಬೇಬಿ ಒಂದು ವಾರ ದಿನಾ ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿ “ಆಯಿ, ನಾ ತಗಂಡಿದ್ದು” ಎಂದು ಹೇಳಿ ನೋಡಿದಳು. ಅಕ್ಕಮ್ಮ ಫೋನ್ ಇಟ್ಟು “ನನ್ನ ಮಗಳ ಮನಸ್ಸು ನೋಡು” ಎನ್ನುವಳು. ಭಾರತಿ ಮೊದಮೊದಲು “ನಾ ತೆಗೀಲಿಲ್ಲ ಅತ್ತೆ” ಎನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಟೆಂಪೋ ತಪ್ಪುತ್ತಿತ್ತು.

“ಹೌದು ಅಂದುಬಿಡಮ್ಮ,” ಅಂದಳು ಪ್ರಣಿತಾ ಒಂದು ದಿನ, ತಲೆ ಬಾಚಿಕೊಳ್ಳುತ್ತ. “ಅಜ್ಜಿಗೂ ಸಮಾಧಾನ, ನಿಂಗೂ ಸಮಾಧಾನ.”

“ಅದೊಂದು ಅನ್ನೂಲಾ,” ಅಂದಳು ಭಾರತಿ. “ಬಳೆ ನಿಂಗೆ ಬತ್ತದೆ. ಮುಂದೆ ನಿನ್ನ ಸೊಸೆಗೋ ಮಗಳಿಗೋ. ಅದು ಕೇಳ್ತದೆ, ಇದು ಎಲ್ಲಿಂದ ಬಂತು ಅಂತ. ನೀ ಎಂತ ಹೇಳ್ತಿ?”

“ಇದ್ದದ್ದು ಹೇಳ್ತೆ.”

“ನೀ ಹೇಳ್ತಿ. ನಿನ್ನ ಬಾಯಿಯೂ ಒಂದು ದಿನ ಅಜ್ಜಿ ಬಾಯಿ ಹಾಂಗೇ ಆತದೆ. ಬಳೆ ಕೊಡೂವಾಗ ಆ ಡೈರಿನೂ ಕೊಡು. ಒಂದನ್ನ ಬಿಟ್ಟು ಒಂದು ಕೊಡಬೇಡ.”

“ಡೈರಿಯಲ್ಲಿ ಬಲೆ ಅಂತಾನೇ ಅದೆ ಅಲ್ದಾ?”

ಭಾರತಿ ಅವಳ ಚೀಲದಿಂದ ಪೆನ್ನು ತೆಗೆದುಕೊಂಡಳು. ತೊಂಬತ್ತೊಂಬತ್ತರ ಡೈರಿ ಬಿಚ್ಚಿ, ಸೆಪ್ಟೆಂಬರ್ ಎರಡರ ಪುಟ ತೊಡೆಯ ಮೇಲಿಟ್ಟುಕೊಂಡಳು. ಅವಳು ಏಳನೇ ಇಯತ್ತೆ ಪಾಸು. ಬರೆಯದೆ ವರ್ಷಗಳಾಗಿದ್ದವು. ಐಸಿನಲ್ಲಿ ಸೆಟೆದ ಬೆರಳು ಪೆನ್ನಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾವನ ಅಕ್ಷರವನ್ನು ಹೊಡೆದುಹಾಕಲಿಲ್ಲ. ಅವನ ಸಾಲಿನ ಕೆಳಗೆ, ಒಣ ಶೆಟ್ಲಿ ಚಟ್ನಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಳು: ‘ಇದು ಬಲೆ ಅಲ್ಲ. ಬಳೆ. ನಾನು ತೆಗೆದಿಲ್ಲ. ಭಾರತಿ.’

ಸ್ನಾನವಾಗಿ ಕೂತಿದ್ದ ಅಕ್ಕಮ್ಮ ನೋಡುತ್ತಿದ್ದಳು. “ಎಂತ ಬರೀತಿ? ಅವ್ರ ಪುಸ್ತಕ ಅದು.”

“ಒಂದಕ್ಷರ ಬಿಟ್ಟು ಹೋಗಿದ್ರು ಅತ್ತೆ.”

“ಬಿಡೂದೇ. ಅವ್ರು ಹ ತನಕ ಓದಿದ್ದು.”

“ಗೊತ್ತದೆ. ಅದ್ರ ಮುಂದಿಂದು ನಾ ಬರ್ದೆ.”

ಶಾಯಿ ಒಣಗುವವರೆಗೆ ಊದಿ ಭಾರತಿ ಡೈರಿ ಮುಚ್ಚಿದಳು. ಅತ್ತೆಯ ಸೆರಗಿನಿಂದಲೇ ಕೀಲಿ ಹಿಡಿದು ಪೆಟ್ಟಿಗೆ ತೆಗೆದು, ಬಳೆಯ ಗಂಟಿನ ಕೆಳಗೆ ಅದನ್ನಿಟ್ಟು ಬೀಗ ಹಾಕಿದಳು. ಹೊರಗೆ ಟೆಂಪೋ ಹಾರ್ನ್ ಹಾಕಿತು. ಅವಳು ಬುಟ್ಟಿ ಎತ್ತಿಕೊಂಡಳು.